ಅಡಾಪಲೀನ್ ಶುರು ಮಾಡಿದ ಮೇಲೆ ಮೊಡವೆ ಹೆಚ್ಚಾಗಿದೆ: ನಿಲ್ಲಿಸಬೇಕೇ, ತಡೆದುಕೊಳ್ಳಬೇಕೇ?

ಮುಸ್ಸಂಜೆ:
ಹಣೆ ಮತ್ತು ಗದ್ದದ ತುಂಬ ಸಣ್ಣ ಗುಳ್ಳೆಗಳು, ನಡುನಡುವೆ ಕೀವು ತುಂಬಿದ ಮೊಡವೆ. ಇದಕ್ಕೆ ಚರ್ಮವೈದ್ಯರು ಅಡಾಪಲೀನ್ 0.1% ಜೆಲ್ ಬರೆದುಕೊಟ್ಟಿದ್ದಾರೆ. ‘ರಾತ್ರಿ ಹಚ್ಚಿಕೊಳ್ಳಿ, ಮೂರು ತಿಂಗಳ ನಂತರ ತೋರಿಸಿ’ ಎಂಬಷ್ಟೇ ಸೂಚನೆ. ಕೆಲವು ವಾರಗಳಿಂದ ತಪ್ಪದೆ ಹಚ್ಚುತ್ತಿದ್ದೇನೆ. ಮುಖ ಮೊದಲಿಗಿಂತ ಕೆಟ್ಟಿದೆ. ಮೂಗಿನ ಪಕ್ಕದಲ್ಲಿ ಸಿಪ್ಪೆ ಏಳುತ್ತಿದೆ, ತುಟಿಯ ಅಂಚುಗಳು ಒಡೆದಿವೆ, ಬರಿಯ ನೀರಿನಲ್ಲಿ ತೊಳೆದರೂ ಉರಿಯುತ್ತದೆ. ಗದ್ದದಲ್ಲಿ ಹೊಸ ಮೊಡವೆಗಳು ಎದ್ದಿವೆ.

ಅಕ್ಕ ‘ಟ್ಯೂಬನ್ನು ಕಸದ ಬುಟ್ಟಿಗೆ ಹಾಕು’ ಎನ್ನುತ್ತಾಳೆ. ಗೆಳತಿ ‘ಇದು ಪರ್ಜಿಂಗ್, ಒಳಗಿನದೆಲ್ಲ ಹೊರಗೆ ಬರುತ್ತಿದೆ, ತಡೆದುಕೋ’ ಎನ್ನುತ್ತಾಳೆ. ಇಬ್ಬರ ದನಿಯಲ್ಲೂ ಅನುಮಾನವೇ ಇಲ್ಲ. ಬಳಸಿ ಗೊತ್ತಿರುವವರು ಏನು ಹೇಳುತ್ತೀರಿ?

ಹಸಿರೆಲೆ:
ಬಿಟ್ಟುಬಿಡಿ. ಮುಖ ಸುಡುವ ಔಷಧಿ ಮುಖಕ್ಕೆ ಒಳ್ಳೆಯದು ಹೇಗಾದೀತು? ಚರ್ಮ ತೆಳ್ಳಗಾಗುತ್ತದೆ. ವಯಸ್ಸು ಕಳೆದಂತೆ ಮೊಡವೆ ತಾನಾಗಿಯೇ ಹೋಗುತ್ತದೆ.

ಔಷಧಿಪೆಟ್ಟಿಗೆ:
ತಾನಾಗಿಯೇ ಹೋಗುವ ಮೊಡವೆ ಎಷ್ಟೋ ಮಂದಿಗೆ ಗುಳಿ ಬಿಟ್ಟು ಹೋಗುತ್ತದೆ, ಹಸಿರೆಲೆಯವರೇ. ಆ ಗುಳಿಯನ್ನು ಆಮೇಲೆ ಯಾವ ಕ್ರೀಮೂ ತುಂಬಿಸುವುದಿಲ್ಲ.

ಮುಸ್ಸಂಜೆಯವರೇ, ನಾನು ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಲ್ಲುವವನು. ನಿಲ್ಲಿಸುವುದೋ ಬೇಡವೋ ಎಂಬುದಕ್ಕೆ ಮೊದಲು ಕೆಲವು ವಿಷಯ ತಿಳಿಯಬೇಕು. ಒಂದು ಸಲಕ್ಕೆ ಎಷ್ಟು ಜೆಲ್ ತೆಗೆದುಕೊಳ್ಳುತ್ತೀರಿ? ಎಲ್ಲಿಗೆ ಹಚ್ಚುತ್ತೀರಿ? ಮುಖ ತೊಳೆದ ಕೂಡಲೇ ಹಚ್ಚುತ್ತೀರೋ, ಒಣಗಿದ ಮೇಲೋ? ಇದರ ಜೊತೆಗೆ ಇನ್ನೇನು ಬಳಸುತ್ತೀರಿ?

ಮುಸ್ಸಂಜೆ:
ಪ್ರತಿ ಮೊಡವೆಯ ಮೇಲೂ ಒಂದೊಂದು ದಪ್ಪ ಚುಕ್ಕೆ ಇಡುತ್ತೇನೆ. ಮುಖ ತೊಳೆದ ಕೂಡಲೇ. ಸ್ಯಾಲಿಸಿಲಿಕ್ ಆಮ್ಲದ ಫೇಸ್‌ವಾಶ್, ದಿನಕ್ಕೆ ಎರಡು ಸಲ. ಸಿಪ್ಪೆ ಏಳುತ್ತಿರುವುದರಿಂದ ಸ್ಕ್ರಬ್ ಕೂಡ. ಎಣ್ಣೆ ಚರ್ಮವಾದ್ದರಿಂದ ಮಾಯಿಶ್ಚರೈಸರ್ ಬಳಸುವುದಿಲ್ಲ.

ಔಷಧಿಪೆಟ್ಟಿಗೆ:
ಹಾಗಾದರೆ ಸದ್ಯಕ್ಕೆ ಜೆಲ್‌ಗಿಂತ ಅದನ್ನು ಹಚ್ಚುವ ರೀತಿಯ ಬಗ್ಗೆ ಮಾತನಾಡೋಣ. ಇಷ್ಟನ್ನೂ ಮೊದಲ ದಿನವೇ ಯಾರಾದರೂ ಹೇಳಬೇಕಿತ್ತು. ಟ್ಯೂಬಿನೊಳಗಿನ ಚೀಟಿ ಓದಲು ಭೂತಗನ್ನಡಿ ಬೇಕು, ಅದು ಬೇರೆ ವಿಷಯ.

ಅಡಾಪಲೀನ್ ಒಂದು ರೆಟಿನಾಯ್ಡ್, ಅಂದರೆ ವಿಟಮಿನ್ ಎ ಕುಟುಂಬದ ಔಷಧಿ. ಅದು ಎದ್ದಿರುವ ಮೊಡವೆಯ ಮೇಲೆ ಇಡುವ ಚುಕ್ಕೆಯಲ್ಲ. ಕಿಡಿ ಕಂಡಲ್ಲೆಲ್ಲ ನೀರು ಎರಚುವ ಕೆಲಸವಲ್ಲ ಇದು, ಬೆಂಕಿಯೇ ಹತ್ತದಂತೆ ನೋಡಿಕೊಳ್ಳುವ ಕೆಲಸ. ಮೊಡವೆ ಏಳುವ ಇಡೀ ಭಾಗಕ್ಕೆ ತೆಳುವಾಗಿ ಹಚ್ಚಬೇಕು, ಇವತ್ತು ಅಲ್ಲಿ ಏನೂ ಕಾಣದಿದ್ದರೂ. ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು ಸಾಕು. ಅದನ್ನೇ ಹಣೆ, ಎರಡು ಕೆನ್ನೆ, ಗದ್ದಕ್ಕೆ ಹಂಚಿಕೊಂಡು ಸವರಬೇಕು. ಸವರಿದ ಮೇಲೆ ಮುಖದ ಮೇಲೆ ಬೆಳ್ಳಗೆ ಪದರ ಕಂಡರೆ ಹೆಚ್ಚಾಗಿದೆ ಎಂದೇ ಅರ್ಥ. ಕಣ್ಣಿನ ಸುತ್ತ, ಮೂಗಿನ ಹೊಳ್ಳೆಗಳ ಮಡಿಕೆ, ತುಟಿಯ ಅಂಚು ಇವನ್ನು ಬಿಡಬೇಕು. ಔಷಧಿ ಜಾರಿ ನಿಲ್ಲುವುದು ಅಲ್ಲೇ, ಮೊದಲು ಒಡೆಯುವುದೂ ಅಲ್ಲೇ. ಆ ಜಾಗಗಳಿಗೆ ಮೊದಲೇ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಸವರಿಕೊಂಡರೆ ಔಷಧಿ ಇಳಿಯುವುದಿಲ್ಲ.

ಮುಖ ತೊಳೆದು ಪೂರ್ತಿ ಒಣಗಲಿ. ಇಪ್ಪತ್ತು ನಿಮಿಷ, ಅರ್ಧ ಗಂಟೆ ಬಿಟ್ಟು ಹಚ್ಚಿದರೆ ಉರಿ ಕಡಿಮೆ. ಸ್ಕ್ರಬ್ ನಿಲ್ಲಿಸಿ. ಸ್ಯಾಲಿಸಿಲಿಕ್ ಫೇಸ್‌ವಾಶ್ ಸದ್ಯಕ್ಕೆ ಪಕ್ಕಕ್ಕಿಡಿ, ಪರಿಮಳವಿಲ್ಲದ ಸೌಮ್ಯವಾದುದನ್ನು ಬಳಸಿ. ಎಣ್ಣೆ ಚರ್ಮಕ್ಕೆ ಮಾಯಿಶ್ಚರೈಸರ್ ಬೇಡ ಎಂಬುದು ಕೌಂಟರಿನಲ್ಲಿ ನಿತ್ಯ ಕೇಳುವ ಮಾತು. ಎಣ್ಣೆ ಬೇರೆ, ನೀರಿನಂಶ ಬೇರೆ. ಎಣ್ಣೆ ಸೋರುವ ಮುಖವೂ ಈ ಔಷಧಿಗೆ ಒಣಗಿ ಬಿರಿಯುತ್ತದೆ. ರಂಧ್ರ ಮುಚ್ಚುವುದಿಲ್ಲ ಎಂದು ನಮೂದಿಸಿರುವ ಹಗುರವಾದುದನ್ನು ಆರಿಸಿಕೊಳ್ಳಿ.

ಬಿಳಿಕೋಟು:
ಚರ್ಮರೋಗ ವಿಭಾಗದಲ್ಲಿ ಸ್ನಾತಕೋತ್ತರ ಓದುತ್ತಿದ್ದೇನೆ. ಮೇಲಿನದಕ್ಕೆ ಒಂದು ತಿದ್ದುಪಡಿ ಇದೆ, ಕೊನೆಯಲ್ಲಿ ಹೇಳುತ್ತೇನೆ. ಮೊದಲು ಪರ್ಜಿಂಗ್ ವಿಷಯ, ಅದರ ಸುತ್ತ ಇರುವಷ್ಟು ಗೊಂದಲ ಬೇರೆಲ್ಲೂ ಇಲ್ಲ.

‘ಒಳಗಿನ ಕೊಳೆ ಹೊರಗೆ ಬರುತ್ತದೆ’ ಎಂಬುದು ಸರಿಯಲ್ಲ. ಅಲ್ಲಿ ಕೊಳೆಯೇ ಇಲ್ಲ. ರೋಮಕೂಪದ ಒಳಗೋಡೆಯಿಂದ ಉದುರಬೇಕಾದ ಜೀವಕೋಶಗಳು ಒಂದಕ್ಕೊಂದು ಅಂಟಿಕೊಂಡು, ಎಣ್ಣೆಯ ಜೊತೆ ಸೇರಿ ಬಾಯಿ ಮುಚ್ಚುತ್ತವೆ. ಕಣ್ಣಿಗೆ ಕಾಣದ ಈ ಬಿರಡೆಗೆ ಮೈಕ್ರೋಕಾಮಿಡೋನ್ ಎಂದು ಹೆಸರು. ಬ್ಲ್ಯಾಕ್‌ಹೆಡ್, ವೈಟ್‌ಹೆಡ್, ಕೀವಿನ ಮೊಡವೆ, ನೋಯುವ ಗಂಟು ಎಲ್ಲಕ್ಕೂ ಹೆಚ್ಚಾಗಿ ಮೂಲ ಇದೇ. ಕಾಣದ ಹಂತದಿಂದ ಕಾಣುವ ಮೊಡವೆಯಾಗಲು ಅದಕ್ಕೆ ವಾರಗಳೇ ಬೇಕು. ರೆಟಿನಾಯ್ಡ್ ಜೀವಕೋಶದ ಒಳಗಿನ ಗ್ರಾಹಕಗಳಿಗೆ ಅಂಟಿಕೊಂಡು, ಆ ಕೋಶಗಳು ಹುಟ್ಟಿ, ಬಲಿತು, ಉದುರುವ ಕ್ರಮವನ್ನು ಸರಿಪಡಿಸುತ್ತದೆ. ಬಿರಡೆ ಕಟ್ಟುವುದು ನಿಲ್ಲುತ್ತದೆ, ಕಟ್ಟಿರುವುದು ಸಡಿಲವಾಗುತ್ತದೆ. ಜೊತೆಗೆ ಉರಿಯೂತವನ್ನೂ ಸ್ವಲ್ಪ ತಗ್ಗಿಸುತ್ತದೆ.

ಹೀಗಾಗಿ ಹಚ್ಚಲು ತೊಡಗಿದಾಗ ನಿಮ್ಮ ಮುಖದೊಳಗೆ ಬೇರೆ ಬೇರೆ ಹಂತದಲ್ಲಿರುವ ಎಷ್ಟೋ ಬಿರಡೆಗಳು ಮೊದಲೇ ಇರುತ್ತವೆ. ಅವುಗಳಲ್ಲಿ ಕೆಲವು ಆರಂಭದ ವಾರಗಳಲ್ಲಿ ಬೇಗ ಮೇಲೆದ್ದು ಬರಬಹುದು. ಇದು ಎಲ್ಲರಿಗೂ ಆಗುವುದಿಲ್ಲ. ಆಗದಿದ್ದರೆ ಔಷಧಿ ಕೆಲಸ ಮಾಡುತ್ತಿಲ್ಲ ಎಂದೂ ಅಲ್ಲ. ಇದೇ ಕುಟುಂಬದ ಇನ್ನೊಂದು ಔಷಧಿಯಾದ ಟ್ರೆಟಿನಾಯಿನ್ ಜೊತೆ ಬರುವ ಸೂಚನೆಯಲ್ಲೇ ಮೊದಲ ವಾರಗಳಲ್ಲಿ ಮೊಡವೆ ಹೆಚ್ಚಿದಂತೆ ಕಾಣಬಹುದು ಎಂದು ಬರೆದಿರುತ್ತದೆ.

ಗುರುತಿಸುವುದು ಹೇಗೆ? ನಿಮಗೆ ಮೊದಲಿನಿಂದಲೂ ಮೊಡವೆ ಏಳುತ್ತಿದ್ದ ಜಾಗದಲ್ಲೇ, ಮೊದಲಿನ ಬಗೆಯ ಮೊಡವೆಯೇ ಎದ್ದು ಬೇಗ ಒಣಗುತ್ತಿದ್ದರೆ ಅದು ಆ ತಾತ್ಕಾಲಿಕ ಏರಿಕೆ. ಎಂದೂ ಇಲ್ಲದ ಜಾಗದಲ್ಲಿ ಕೆಂಪು, ಉರಿ, ಚಿಕ್ಕ ಗುಳ್ಳೆಗಳು ಬಂದರೆ ಅದು ಚರ್ಮ ಕೆರಳಿದ ಲಕ್ಷಣ. ತುರಿಕೆ ಜೋರಾಗಿ, ಮುಖ ಊದಿ, ನೀರು ತುಂಬಿದ ಬೊಬ್ಬೆ ಎದ್ದರೆ ಅಲರ್ಜಿ ಇರಬಹುದು, ಆ ದಿನವೇ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಪರ್ಜಿಂಗ್ ಎಂಬ ಒಂದೇ ಹೆಸರಿನಡಿ ಈ ಮೂರನ್ನೂ ತುರುಕಿ ಜನರಿಗೆ ‘ತಡೆದುಕೋ’ ಎನ್ನುವುದು ನನಗೆ ಸಿಟ್ಟು ತರಿಸುತ್ತದೆ.

ಮುಸ್ಸಂಜೆಯವರೇ, ನೀವು ಬರೆದಿರುವುದರಲ್ಲಿ ಎರಡು ವಿಷಯ ಬೆರೆತಿವೆ. ಗದ್ದದ ಮೊಡವೆ ತಾತ್ಕಾಲಿಕ ಏರಿಕೆ ಆಗಿರಬಹುದು. ಮೂಗಿನ ಪಕ್ಕ, ತುಟಿಯ ಅಂಚು, ನೀರು ತಾಗಿದರೆ ಉರಿ: ಇವು ಕೆರಳಿಕೆ. ಇದನ್ನು ತಡೆದುಕೊಳ್ಳುವ ಅಗತ್ಯ ಏನೂ ಇಲ್ಲ. ಉರಿ ತಣಿಯುವವರೆಗೆ ಕೆಲವು ರಾತ್ರಿ ಜೆಲ್ ಬಿಟ್ಟು ಮಾಯಿಶ್ಚರೈಸರ್ ಮಾತ್ರ ಹಚ್ಚಿ. ಬಳಿಕ ವಾರಕ್ಕೆ ಎರಡು ಮೂರು ರಾತ್ರಿಯಿಂದ ಮತ್ತೆ ಶುರು ಮಾಡಿ, ಚರ್ಮ ಒಪ್ಪಿದಂತೆ ಒಂದು ರಾತ್ರಿ ಬಿಟ್ಟು ಒಂದು ರಾತ್ರಿ, ಆಮೇಲೆ ದಿನವೂ. ನಿಮ್ಮ ವೈದ್ಯರಿಗೆ ಒಂದು ಕರೆ ಮಾಡಿ ಇದನ್ನು ಹೇಳುವುದೂ ಒಳ್ಳೆಯದು. ಮೂರು ತಿಂಗಳು ಕಾಯಲೇಬೇಕೆಂದು ಯಾರೂ ಹೇಳಿಲ್ಲ.

ತಿದ್ದುಪಡಿ: ಗುಳಿಯ ಬಗ್ಗೆ ‘ಯಾವ ಕ್ರೀಮೂ’ ಎಂಬುದು ಸ್ವಲ್ಪ ಹೆಚ್ಚಾಯಿತು. ಅಡಾಪಲೀನ್ 0.3% ಮತ್ತು ಬ್ಯಾಕ್ಟೀರಿಯಾ ಕೊಲ್ಲುವ ಬೆಂಜಾಯಿಲ್ ಪೆರಾಕ್ಸೈಡ್ 2.5% ಸೇರಿದ ಜೆಲ್ಲನ್ನು ಅರ್ಧ ಮುಖಕ್ಕೆ, ಔಷಧಿಯಿಲ್ಲದ ಜೆಲ್ಲನ್ನು ಇನ್ನರ್ಧಕ್ಕೆ ಹಚ್ಚಿ ಆರು ತಿಂಗಳು ನೋಡಿದ ಪರೀಕ್ಷೆಯೊಂದಿದೆ. ಔಷಧಿ ಹಚ್ಚಿದ ಕಡೆ ಗುಳಿಗಳ ಸಂಖ್ಯೆ ಇಳಿಯಿತು, ಇನ್ನೊಂದು ಕಡೆ ಏರಿತು. ಆಳವಾದ ಹಳೆಯ ಗುಳಿಗಳ ಮಟ್ಟಿಗೆ ನೀವು ಹೇಳಿದ್ದು ನಿಜ. ಅವಕ್ಕೆ ಬೇರೆಯೇ ಚಿಕಿತ್ಸೆ ಬೇಕು.

ಔಷಧಿಪೆಟ್ಟಿಗೆ:
ಒಪ್ಪಿದೆ, ಡಾಕ್ಟರ್.

ಹಸಿರೆಲೆ:
ಚರ್ಮ ತೆಳ್ಳಗಾಗುವುದಕ್ಕೆ ಯಾರೂ ಉತ್ತರಿಸಲಿಲ್ಲ.

ಬಿಳಿಕೋಟು:
ಉತ್ತರಿಸುತ್ತೇನೆ. ತೆಳುವಾಗುವುದು ಅತ್ಯಂತ ಮೇಲಿನ ಸತ್ತ ಪದರ ಮಾತ್ರ. ಮೊದಮೊದಲು ಅದು ಒತ್ತೊತ್ತಾಗಿ ತೆಳ್ಳಗಾಗುವುದರಿಂದಲೇ ಉರಿ, ಬಿಸಿಲಿನ ಅಸಹನೆ. ಅದರ ಕೆಳಗಿನ ಜೀವಂತ ಪದರ ದಪ್ಪವಾಗುತ್ತದೆ. ದೀರ್ಘಕಾಲ ಬಳಸಿದರೆ ಇನ್ನೂ ಕೆಳಗೆ ಕೊಲಾಜನ್ ಹೆಚ್ಚುತ್ತದೆ. ಬಿಸಿಲಿಗೆ ಹಾಳಾದ ಚರ್ಮದ ಸುಕ್ಕಿಗೆ ಟ್ರೆಟಿನಾಯಿನ್ ಕ್ರೀಮಿಗೆ ಅಮೆರಿಕದಲ್ಲಿ 1995ರಲ್ಲಿ ಅನುಮತಿ ಸಿಕ್ಕಿದ್ದು ಇದೇ ಗುಣದಿಂದ. ಚರ್ಮವನ್ನು ನಿಜವಾಗಿ ತೆಳ್ಳಗೆ ಮಾಡುವುದು ಸ್ಟಿರಾಯ್ಡ್ ಕ್ರೀಮ್. ಎರಡೂ ಪುಟ್ಟ ಟ್ಯೂಬಿನಲ್ಲಿ ಬರುತ್ತವೆ, ಹೆಸರುಗಳೂ ಕಿವಿಗೆ ಹತ್ತಿರ ಹತ್ತಿರ ಕೇಳುತ್ತವೆ. ಅಷ್ಟೇ ಹೋಲಿಕೆ.

ಮೂರನೆಯಬೆಂಚು:
ಅಡಾಪಲೀನ್ ಮಕ್ಕಳಾಟ. ಟ್ರೆಟಿನಾಯಿನ್ 0.1% ಕೇಳಿ ಪಡೆಯಿರಿ. ಸಿಪ್ಪೆ ಎದ್ದಷ್ಟೂ ಹೊಸ ಚರ್ಮ ಬರುತ್ತದೆ. ನಾನು ಸುಲಿದುಹೋಗುವವರೆಗೆ ಹಚ್ಚಿ ಗೆದ್ದವನು.

ಔಷಧಿಪೆಟ್ಟಿಗೆ:
ಗೆದ್ದಿರಿ, ಸಂತೋಷ. ಆದರೆ ಸಿಪ್ಪೆ ಅಡ್ಡಪರಿಣಾಮ, ಅಂಕಪಟ್ಟಿಯಲ್ಲ. ಒಂದೂ ಸಿಪ್ಪೆ ಏಳದೆ ಮೊಡವೆ ಪೂರ್ತಿ ಇಳಿದವರನ್ನು ನಾನು ಕೌಂಟರಿನಲ್ಲಿ ಕಾಣುತ್ತಲೇ ಇರುತ್ತೇನೆ. ಸುಲಿಯುವವರೆಗೆ ಹಚ್ಚಿದವರನ್ನು ಕಾಣುವುದು ಕಡಿಮೆ. ಅವರು ಎರಡನೆಯ ಟ್ಯೂಬ್ ಕೊಳ್ಳಲು ಬರುವುದೇ ಇಲ್ಲ.

ಬಿಳಿಕೋಟು:
ಶಕ್ತಿಯ ಲೆಕ್ಕಕ್ಕೆ ಬಂದರೆ, ಶೇಕಡಾವಾರು ಸಂಖ್ಯೆಯನ್ನು ಒಂದು ಔಷಧಿಯಿಂದ ಇನ್ನೊಂದಕ್ಕೆ ಹೋಲಿಸಬಾರದು. ಅಡಾಪಲೀನ್ 0.1% ಜೆಲ್ಲನ್ನು ಟ್ರೆಟಿನಾಯಿನ್ 0.025% ಜೆಲ್ ಜೊತೆ ಹೋಲಿಸಿದ ಪರೀಕ್ಷೆಗಳಲ್ಲಿ ಮೊಡವೆ ಇಳಿಸುವುದರಲ್ಲಿ ಅವೆರಡೂ ಹೆಚ್ಚುಕಡಿಮೆ ಸಮ, ಉರಿಯಲ್ಲಿ ಅಡಾಪಲೀನ್ ಕಡಿಮೆ.

ಸ್ಥೂಲವಾಗಿ ಹೇಳುವುದಾದರೆ, ಟ್ರೆಟಿನಾಯಿನ್ ಎಲ್ಲಕ್ಕಿಂತ ಹಳೆಯದು. 0.025, 0.05, 0.1% ಬಲದಲ್ಲಿ ಸಿಗುತ್ತದೆ. ಬೆಳಕಿಗೆ ಕೆಡುತ್ತದೆ, ಅದಕ್ಕೇ ರಾತ್ರಿ ಹಚ್ಚುವ ರೂಢಿ. ಅಡಾಪಲೀನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1996ರಲ್ಲಿ. ಅದು ಬೆಳಕಿಗೂ ಬೆಂಜಾಯಿಲ್ ಪೆರಾಕ್ಸೈಡ್‌ಗೂ ಜಗ್ಗುವುದಿಲ್ಲ. 2016ರಲ್ಲಿ ಅದರ 0.1% ಜೆಲ್ಲನ್ನು ಅಲ್ಲಿ ವೈದ್ಯರ ಚೀಟಿಯಿಲ್ಲದೆ ಮಾರಲು ಬಿಟ್ಟರು. ಟಜಾರೋಟೀನ್ 1997ರದ್ದು, ಪ್ರಬಲ, ಉರಿಯೂ ಹೆಚ್ಚು, ಸೋರಿಯಾಸಿಸ್‌ಗೂ ಬಳಕೆಯಲ್ಲಿದೆ. 2019ರಲ್ಲಿ ಬಂದ ಟ್ರೈಫರೋಟೀನ್ 0.005% ಕ್ರೀಮನ್ನು ಮುಖದ ಜೊತೆ ಎದೆ, ಬೆನ್ನಿನ ಮೊಡವೆಗೂ ಪರೀಕ್ಷಿಸಿದ್ದಾರೆ. ಯಾವುದು ಉತ್ತಮ ಎಂದರೆ, ನೀವು ನಿಲ್ಲಿಸದೆ ಹಚ್ಚಬಲ್ಲದ್ದು. ಒಣ ಚರ್ಮದವರಿಗೆ ಕ್ರೀಮ್ ಹಿತ, ಎಣ್ಣೆ ಚರ್ಮದವರಿಗೆ ಜೆಲ್. ಆಲ್ಕೋಹಾಲ್ ಇರುವ ಜೆಲ್ ಚುರುಗುಟ್ಟುತ್ತದೆ.

ತರ್ಕಪ್ರಿಯ:
ಹಳೆಯದು ಎಂದಿರಲ್ಲ, ಅದರ ಇತಿಹಾಸವೂ ಒಮ್ಮೆ ಬರಲಿ. ವಿಟಮಿನ್ ಎ ಆಮ್ಲ, ಅಂದರೆ ಟ್ರೆಟಿನಾಯಿನ್, ಮೊಡವೆಗೆ ಕೆಲಸ ಮಾಡುತ್ತದೆ ಎಂದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಲ್ಬರ್ಟ್ ಕ್ಲಿಗ್‌ಮನ್, ಜೇಮ್ಸ್ ಫುಲ್ಟನ್, ಗೆರ್ಡ್ ಪ್ಲೆವಿಗ್ 1969ರಲ್ಲಿ ಪ್ರಕಟಿಸಿದರು. 1971ರಲ್ಲಿ ಔಷಧಿಯಾಗಿ ಅನುಮತಿ ಸಿಕ್ಕಿತು. ಇದೇ ಕ್ಲಿಗ್‌ಮನ್ 1951ರಿಂದ 1974ರವರೆಗೆ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಚರ್ಮದ ಮೇಲೆ ಪ್ರಯೋಗಗಳನ್ನು ನಡೆಸಿದವರು. ಆ ಕೈದಿಗಳಲ್ಲಿ ಬಹುಪಾಲು ಕಪ್ಪು ಜನಾಂಗದವರು. ಏನು ಹಚ್ಚುತ್ತಿದ್ದಾರೆ, ಅಪಾಯವೇನು ಎಂಬುದು ಅವರಿಗೆ ಸರಿಯಾಗಿ ತಿಳಿದಿರಲಿಲ್ಲ. ಫಿಲಡೆಲ್ಫಿಯಾ ನಗರಾಡಳಿತ ಇದಕ್ಕಾಗಿ 2022ರಲ್ಲಿ ಕ್ಷಮೆ ಕೇಳಿತು.

ಮೂರನೆಯಬೆಂಚು:
ಇದಕ್ಕೂ ಅವರ ಮೂಗಿನ ಸಿಪ್ಪೆಗೂ ಏನು ಸಂಬಂಧ?

ತರ್ಕಪ್ರಿಯ:
ಸಿಪ್ಪೆಗೆ ಸಂಬಂಧವಿಲ್ಲ. ಐವತ್ತು ವರ್ಷಕ್ಕೂ ಹೆಚ್ಚು ಕಾಲದ ಬಳಕೆ ಎಂದು ನಾವು ಧೈರ್ಯ ಹೇಳುವಾಗ, ಆ ಲೆಕ್ಕದ ಮೊದಲ ಪುಟ ಯಾರ ಬೆನ್ನಿನ ಮೇಲೆ ಬರೆದದ್ದು ಎಂಬುದೂ ಗೊತ್ತಿರಲಿ ಎಂದಷ್ಟೆ. ಔಷಧಿ ಒಳ್ಳೆಯದೇ. ನಾನೂ ಬಳಸುತ್ತೇನೆ.

ಅರೆಬಿಸಿಲು:
ನನ್ನದು ಸ್ವಲ್ಪ ಬೇರೆ ಪ್ರಶ್ನೆ. ತಂಗಿ ‘ಮೊಡವೆ ಕಲೆಗೆ’ ಎಂದು ಒಂದು ಕ್ರೀಮ್ ವರ್ಷದಿಂದ ಹಚ್ಚುತ್ತಿದ್ದಾಳೆ. ಅದರ ಮೇಲೆ ಟ್ರೆಟಿನಾಯಿನ್ ಎಂದು ಬರೆದಿದೆ, ಜೊತೆಗೆ ಹೈಡ್ರೋಕ್ವಿನೋನ್, ಮೊಮೆಟಾಸೋನ್. ಮೊದಲು ಮುಖ ಬೆಳ್ಳಗೆ ನುಣುಪಾಯಿತು. ಈಗ ಒಂದು ದಿನ ಬಿಟ್ಟರೂ ಕೆಂಪೇರಿ ಉರಿಯುತ್ತದೆ, ಕೆನ್ನೆಯಲ್ಲಿ ಸಣ್ಣ ರಕ್ತನಾಳಗಳು ಕಾಣುತ್ತಿವೆ. ಇದೂ ರೆಟಿನಾಯ್ಡ್ ಉರಿಯೇ?

ಬಿಳಿಕೋಟು:
ಅಲ್ಲ. ಇದನ್ನು ದಯವಿಟ್ಟು ಎಲ್ಲರೂ ಓದಿ.

ಮೊಮೆಟಾಸೋನ್ ಸ್ಟಿರಾಯ್ಡ್, ಹೈಡ್ರೋಕ್ವಿನೋನ್ ಚರ್ಮದ ಬಣ್ಣ ತಿಳಿಯಾಗಿಸುವ ಔಷಧಿ. ಈ ಮೂರನ್ನು ಬೆರೆಸುವ ಸೂತ್ರವೂ ಕ್ಲಿಗ್‌ಮನ್ ಅವರ ಕಡೆಯಿಂದಲೇ 1975ರಲ್ಲಿ ಬಂದದ್ದು. ಆಗ ಅದರಲ್ಲಿದ್ದ ಸ್ಟಿರಾಯ್ಡ್ ಡೆಕ್ಸಾಮೆಥಾಸೋನ್. ಈ ಬಗೆಯ ಮಿಶ್ರಣ ಮುಖ್ಯವಾಗಿ ಬಂಗು, ಅಂದರೆ ಮುಖದ ಮೇಲೆ ಮೂಡುವ ಕಂದು ಮಚ್ಚೆಗೆ, ಅದೂ ವೈದ್ಯರ ಕಣ್ಣೆದುರು, ಕೆಲವು ವಾರಗಳ ಮಟ್ಟಿಗೆ. ಮೊಡವೆಗಲ್ಲ, ಬಣ್ಣಕ್ಕಲ್ಲ, ತಿಂಗಳುಗಟ್ಟಲೆ ಅಂತೂ ಖಂಡಿತ ಅಲ್ಲ. ಸ್ಟಿರಾಯ್ಡ್ ಮೊದಲು ಕೆಂಪು ಇಳಿಸಿ ಮುಖವನ್ನು ಚೆಂದಗಾಣಿಸುತ್ತದೆ. ಬಳಿಕ ಚರ್ಮ ತೆಳುವಾಗುತ್ತದೆ, ರಕ್ತನಾಳ ಕಾಣಿಸಿಕೊಳ್ಳುತ್ತದೆ, ಕೂದಲು ಹೆಚ್ಚಬಹುದು, ಒಂದೇ ಅಳತೆಯ ಮೊಡವೆಗಳು ಸಾಲಾಗಿ ಏಳಬಹುದು. ಬಿಟ್ಟರೆ ಉರಿ, ಹಚ್ಚಿದರೆ ಶಾಂತಿ. ಹಾಗಾಗಿ ಬಿಡಲಾಗದೆ ಇನ್ನೂ ಹಚ್ಚುತ್ತಾರೆ. ನಿಮ್ಮ ತಂಗಿ ಆ ಟ್ಯೂಬ್ ಸಮೇತ ಚರ್ಮವೈದ್ಯರ ಬಳಿಗೆ ಬೇಗ ಹೋಗಲಿ. ನಿಲ್ಲಿಸಿದಾಗ ಬರುವ ಕೆರಳಿಕೆಯನ್ನು ನಿಭಾಯಿಸುವ ದಾರಿ ಅವರು ತೋರಿಸುತ್ತಾರೆ. ಇದರ ಮೇಲೆ ಬೇರೆ ರೆಟಿನಾಯ್ಡ್ ಹಚ್ಚುವ ಸಾಹಸ ಬೇಡ.

ಔಷಧಿಪೆಟ್ಟಿಗೆ:
ಟ್ಯೂಬಿನ ಮುಂಭಾಗದ ದೊಡ್ಡ ಹೆಸರು ಬಿಟ್ಟು ಹಿಂಭಾಗದ ಸಣ್ಣ ಅಕ್ಷರ ಓದಿ. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಸಾಲ್, ಫ್ಲೂಸಿನೋಲೋನ್. ಈ ‘ಸೋನ್, ಸಾಲ್, ಲೋನ್’ ಬಾಲಗಳಲ್ಲಿ ಒಂದು ಕಂಡರೂ ಮೊಡವೆಗೆ ಹಚ್ಚುವ ಮುನ್ನ ಕೇಳಿ.

ಇಬ್ಬರತಾಯಿ:
ಮಗನಿಗೆ ಹದಿಮೂರು. ಹಣೆಯ ತುಂಬ ವೈಟ್‌ಹೆಡ್. ಈ ವಯಸ್ಸಿಗೆ ಇಂತಹ ಔಷಧಿ ಬೇಕೇ?

ಬಿಳಿಕೋಟು:
ಹಚ್ಚಬಹುದು, ವೈದ್ಯರು ನೋಡಿದ ಮೇಲೆ. ಅಡಾಪಲೀನ್ ಜೆಲ್‌ನ ಅನುಮತಿಯೇ ಹನ್ನೆರಡು ವರ್ಷದಿಂದ ಮೇಲಿನವರಿಗೆ ಇದೆ. ವೈಟ್‌ಹೆಡ್ ಇರುವಾಗಲೇ ಶುರು ಮಾಡಿದರೆ ಲಾಭ ಹೆಚ್ಚು, ಗಂಟು ಕಟ್ಟುವವರೆಗೆ ಕಾಯುವುದೇ ತಪ್ಪು. ಹುಡುಗರ ಕಷ್ಟವೆಂದರೆ ಒಂದೇ ವಾರದಲ್ಲಿ ಟ್ಯೂಬ್ ಖಾಲಿ ಮಾಡುತ್ತಾರೆ, ಇಲ್ಲವೇ ಒಂದು ವರ್ಷ ಅದು ಕಪಾಟಿನಲ್ಲೇ ಇರುತ್ತದೆ. ವಾರಕ್ಕೆ ಎರಡು ರಾತ್ರಿಯಿಂದ ಶುರುವಾಗಲಿ, ಹಲ್ಲುಜ್ಜುವ ಬ್ರಷ್ ಪಕ್ಕದಲ್ಲಿ ಟ್ಯೂಬ್ ಇಡಿ. ಮೊಡವೆ ಚಿವುಟುವ ಚಟ ಇದ್ದರೆ ಬೈಯುವುದಕ್ಕಿಂತ, ಉಬ್ಬಿದ ಮೊಡವೆಗೆ ಅಂಟಿಸುವ ಪುಟ್ಟ ಪಟ್ಟಿ ಕೊಡಿ. ಕೈ ತಾನಾಗಿಯೇ ಹಿಂದೆ ಸರಿಯುತ್ತದೆ.

ಹೊಸಮನೆ:
ಮದುವೆಯಾಗಿ ಮಗುವಿನ ಯೋಚನೆಯಲ್ಲಿದ್ದೇವೆ. ಹಚ್ಚುವ ಔಷಧಿ ತಾನೇ, ಮುಂದುವರಿಸಬಹುದೇ?

ಬಿಳಿಕೋಟು:
ನಿಲ್ಲಿಸಿ, ಮೇಡಂ. ಟಜಾರೋಟೀನ್ ಗರ್ಭಿಣಿಯರಿಗೆ ಸಂಪೂರ್ಣ ನಿಷಿದ್ಧ. ಟ್ರೆಟಿನಾಯಿನ್, ಅಡಾಪಲೀನ್ ರಕ್ತಕ್ಕೆ ಸೇರುವುದು ತೀರಾ ಅತ್ಯಲ್ಪ, ಆದರೂ ಗರ್ಭಿಣಿಯರು ಬಳಸಬಾರದೆಂಬುದೇ ಸಲಹೆ. ಗೊತ್ತಿಲ್ಲದೆ ಹಚ್ಚಿಕೊಂಡಿದ್ದಾಗ ಗರ್ಭ ನಿಂತಿದೆ ಎಂದು ತಿಳಿದರೆ ಗಾಬರಿಯಾಗಬೇಡಿ, ನಿಲ್ಲಿಸಿ ನಿಮ್ಮ ವೈದ್ಯರಿಗೆ ಹೇಳಿ. ಇದೇ ಕುಟುಂಬದ ಐಸೋಟ್ರೆಟಿನಾಯಿನ್ ಮಾತ್ರೆಯ ವಿಷಯವೇ ಬೇರೆ. ಅದು ಭ್ರೂಣಕ್ಕೆ ಘೋರ ಹಾನಿ ಮಾಡುತ್ತದೆ, ಅದನ್ನು ನುಂಗುವಾಗ ಗರ್ಭನಿರೋಧಕ ಕಡ್ಡಾಯ, ನಿಲ್ಲಿಸಿದ ಮೇಲೂ ಒಂದು ತಿಂಗಳು. ಗರ್ಭಿಣಿಯರ ಮೊಡವೆಗೆ ಸಾಮಾನ್ಯವಾಗಿ ಆರಿಸುವುದು ಅಜೆಲೈಕ್ ಆಮ್ಲವನ್ನು.

ಅರೆಮನಸ್ಸು:
ಇಷ್ಟೆಲ್ಲ ತಲೆನೋವು ಏಕೆ, ರೆಟಿನಾಲ್ ಸೀರಂ ಸಾಲದೇ? ಅದು ಸೌಮ್ಯವಂತೆ.

ಔಷಧಿಪೆಟ್ಟಿಗೆ:
ರೆಟಿನಾಲ್ ಚರ್ಮದೊಳಗೆ ಮೊದಲು ರೆಟಿನಾಲ್ಡಿಹೈಡ್ ಆಗಬೇಕು, ಆಮೇಲೆ ರೆಟಿನೋಯಿಕ್ ಆಮ್ಲವಾಗಬೇಕು. ಆ ಕೊನೆಯ ಆಮ್ಲವೇ ಟ್ರೆಟಿನಾಯಿನ್. ಎರಡು ಮೆಟ್ಟಿಲು ದಾಟುವಷ್ಟರಲ್ಲಿ ಉಳಿಯುವುದು ಸ್ವಲ್ಪವೇ. ಸೌಮ್ಯ ನಿಜ, ದುರ್ಬಲವೂ ಹೌದು. ಸೌಂದರ್ಯವರ್ಧಕವಾಗಿ ಇರಲಿ. ಮೊಡವೆಯ ಔಷಧಿ ಎಂದು ಪರೀಕ್ಷೆಗಳಲ್ಲಿ ನಿಂತದ್ದು ಮೇಲೆ ಹೇಳಿದವುಗಳು. ದುಡ್ಡಿನ ಲೆಕ್ಕದಲ್ಲೂ ಸೀರಂ ಬಾಟಲಿಗಳು ಸುಮ್ಮನೆ ಭಾರ.

ಮುಸ್ಸಂಜೆ:
ಎಲ್ಲರಿಗೂ ಧನ್ಯವಾದ. ಸ್ಕ್ರಬ್ ಹೋಯಿತು, ಮಾಯಿಶ್ಚರೈಸರ್ ಬಂತು. ವೈದ್ಯರಿಗೂ ಕರೆ ಮಾಡಿದೆ. ವಾರಕ್ಕೆ ಎರಡು ರಾತ್ರಿಗೆ ಇಳಿಸಿ ಎಂದು ಅವರೂ ಹೇಳಿದರು. ಬೆಳಿಗ್ಗೆ ಬೆಂಜಾಯಿಲ್ ಪೆರಾಕ್ಸೈಡ್ 2.5% ಸೇರಿಸುವ ಮಾತೂ ಬಂತು, ಉರಿ ಇಳಿದ ಮೇಲೆ. ಎರಡೂ ಒಟ್ಟಿಗೆ ಬೇಡ ಎಂದು ಎಲ್ಲೋ ಓದಿದ್ದೆ.

ಬಿಳಿಕೋಟು:
ಅದು ಟ್ರೆಟಿನಾಯಿನ್‌ಗೆ ಅನ್ವಯಿಸುವ ಮಾತು. ಬೆಂಜಾಯಿಲ್ ಪೆರಾಕ್ಸೈಡ್ ಅದರ ಹಳೆಯ ಬಗೆಯ ಜೆಲ್‌ಗಳನ್ನು ಕೆಡಿಸುತ್ತದೆ, ಆದ್ದರಿಂದ ಒಂದು ಬೆಳಿಗ್ಗೆ, ಒಂದು ರಾತ್ರಿ. ಅಡಾಪಲೀನ್‌ಗೆ ಆ ತೊಂದರೆ ಇಲ್ಲ, ಎರಡೂ ಒಂದೇ ಟ್ಯೂಬಿನಲ್ಲಿ ಬರುವ ಜೆಲ್‌ಗಳೇ ಇವೆ. ಕೀವು ಮೊಡವೆ ಇರುವವರಿಗೆ ಈ ಜೋಡಿ ಒಳ್ಳೆಯದು. ರೆಟಿನಾಯ್ಡ್ ಬಿರಡೆಯನ್ನು ನೋಡಿಕೊಳ್ಳುತ್ತದೆ, ಪೆರಾಕ್ಸೈಡ್ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಆ ಬ್ಯಾಕ್ಟೀರಿಯಾಗೆ ಇದರ ವಿರುದ್ಧ ನಿರೋಧಕ ಶಕ್ತಿ ಬೆಳೆಯುವುದಿಲ್ಲ. ಪ್ರತಿಜೀವಕವಾದ ಕ್ಲಿಂಡಾಮೈಸಿನ್ ಜೆಲ್ ಒಂದನ್ನೇ ತಿಂಗಳುಗಟ್ಟಲೆ ಹಚ್ಚಿದರೆ ಬೆಳೆಯುತ್ತದೆ. ಅದಕ್ಕೇ ಅದನ್ನು ಒಂಟಿಯಾಗಿ ಕೊಡಬಾರದು ಎನ್ನುವುದು.

ಔಷಧಿಪೆಟ್ಟಿಗೆ:
ಪೆರಾಕ್ಸೈಡ್ ಹಚ್ಚಿಕೊಂಡು ಬಣ್ಣದ ಟವೆಲ್ ಮುಟ್ಟಬೇಡಿ, ಟವೆಲ್ಲಿನ ಬಣ್ಣ ಹೋಗುತ್ತದೆ. ದಿಂಬಿನ ಹೊದಿಕೆಯೂ ಬಿಳಿಯದೇ ಇರಲಿ. ಈ ಒಂದು ಮಾತು ಹೇಳದೆ ಮಾರಿದರೆ ಗಿರಾಕಿ ಮರುದಿನ ಟವೆಲ್ ಹಿಡಿದುಕೊಂಡೇ ಅಂಗಡಿಗೆ ಬರುತ್ತಾರೆ.

ನೆರಳುಬೆಳಕು:
ನನ್ನ ಚರ್ಮ ಕಪ್ಪು. ಮೊಡವೆಗಿಂತ ಅದು ಹೋದ ಮೇಲೆ ಉಳಿಯುವ ಕಪ್ಪು ಕಲೆಯೇ ದೊಡ್ಡ ಕಾಟ. ರೆಟಿನಾಯ್ಡ್ ಕಲೆ ತೆಗೆಯುತ್ತದೆ ಎನ್ನುತ್ತಾರೆ, ಹೆಚ್ಚಿಸುತ್ತದೆ ಎಂದೂ ಎನ್ನುತ್ತಾರೆ.

ಬಿಳಿಕೋಟು:
ಎರಡೂ ನಿಜ. ನಿಧಾನವಾಗಿ ಹಚ್ಚಿದರೆ ಹೊಸ ಮೊಡವೆ ತಡೆದು, ಹಳೆಯ ಕಲೆಯನ್ನೂ ತಿಂಗಳುಗಳಲ್ಲಿ ತಿಳಿಯಾಗಿಸುತ್ತದೆ. ಆತುರದಿಂದ ಹಚ್ಚಿ ಚರ್ಮ ಕೆರಳಿದರೆ ಆ ಕೆರಳಿಕೆಯೇ ಹೊಸ ಕಲೆ ಬಿಡುತ್ತದೆ. ನಮ್ಮಂತಹ ಕಂದು, ಕಪ್ಪು ಚರ್ಮದವರಿಗೆ ‘ಸುಲಿಯುವವರೆಗೆ’ ಎಂಬ ಮೂರನೆಯ ಬೆಂಚಿನ ಸಲಹೆ ಅಪಾಯಕಾರಿ ಆಗುವುದು ಇಲ್ಲೇ. ತೀರಾ ಸೂಕ್ಷ್ಮ ಚರ್ಮವಾದರೆ ಮೊದಲು ಮಾಯಿಶ್ಚರೈಸರ್, ಅದರ ಮೇಲೆ ಔಷಧಿ, ಬೇಕಿದ್ದರೆ ಮತ್ತೆ ಮಾಯಿಶ್ಚರೈಸರ್ ಎಂಬ ಕ್ರಮ ಹಿಡಿಯಿರಿ. ಅರ್ಧ ಗಂಟೆ, ಒಂದು ಗಂಟೆ ಬಿಟ್ಟು ತೊಳೆದುಬಿಡುವ ವಿಧಾನವೂ ಇದೆ, ಅದರಿಂದಲೂ ಪರಿಣಾಮ ಕಂಡಿದ್ದಾರೆ.

ಹಗಲಲ್ಲಿ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್. ಮೋಡವಿದ್ದರೂ. ಬಣ್ಣ ಬೆರೆಸಿದ ಸನ್‌ಸ್ಕ್ರೀನ್ ಸಿಕ್ಕರೆ ಇನ್ನೂ ಒಳ್ಳೆಯದು. ಅದರಲ್ಲಿರುವ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ. ಕಪ್ಪು ಚರ್ಮದಲ್ಲಿ ಕಲೆ ಗಾಢವಾಗಲು ಆ ಬೆಳಕೂ ಕಾರಣ.

ಸೋತವನು:
ಎಲ್ಲವನ್ನೂ ನೀವು ಹೇಳಿದ ಹಾಗೆಯೇ ಮಾಡಿದವನು ನಾನು. ಬಟಾಣಿ ಕಾಳು, ಒಣ ಮುಖ, ಸನ್‌ಸ್ಕ್ರೀನ್, ತಿಂಗಳುಗಳ ತಾಳ್ಮೆ. ಏನೂ ಆಗಲಿಲ್ಲ. ಹಣೆ ಮತ್ತು ಎದೆಯ ಮೇಲೆ ಒಂದೇ ಗಾತ್ರದ ಗುಳ್ಳೆಗಳು, ಬೆವರಿದರೆ ತುರಿಕೆ. ‘ಇನ್ನೂ ಸ್ವಲ್ಪ ಕಾಯಿರಿ’ ಎಂಬುದನ್ನು ದಯವಿಟ್ಟು ಬರೆಯಬೇಡಿ.

ಬಿಳಿಕೋಟು:
ಬರೆಯುವುದಿಲ್ಲ. ತುರಿಕೆ, ಒಂದೇ ಗಾತ್ರ, ಹಣೆ ಮತ್ತು ಎದೆ, ಬೆವರು: ಇದು ಮೊಡವೆಯೇ ಅಲ್ಲದಿರಬಹುದು. ಮಲಸೀಜಿಯಾ ಎಂಬ ಶಿಲೀಂಧ್ರ ರೋಮಕೂಪದಲ್ಲಿ ಹೆಚ್ಚಿದರೆ ಹೀಗೇ ಕಾಣುತ್ತದೆ. ಬ್ಲ್ಯಾಕ್‌ಹೆಡ್, ವೈಟ್‌ಹೆಡ್ ಅಲ್ಲಿ ಇರುವುದಿಲ್ಲ. ಅದಕ್ಕೆ ಶಿಲೀಂಧ್ರನಾಶಕ ಬೇಕು. ಪ್ರತಿಜೀವಕ ನುಂಗಿದರೆ ಇನ್ನೂ ಹೆಚ್ಚಬಹುದು. ಗುಳ್ಳೆಯಿಂದ ಚೂರು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಮಾನ್ಯವಾಗಿ ತಿಳಿಯುತ್ತದೆ. ಅದನ್ನು ಕೇಳಿ ಮಾಡಿಸಿ.

ಬೇರೆಯವರಿಗೂ ಹೇಳುವುದಾದರೆ, ಸರಿಯಾಗಿ ಹಚ್ಚಿ ಹನ್ನೆರಡು ವಾರವಾದರೂ ಏನೂ ಬದಲಾಗದಿದ್ದರೆ ಕಾಯುವುದು ತಾಳ್ಮೆಯಲ್ಲ. ಆಗ ರೋಗವನ್ನೇ ಮತ್ತೊಮ್ಮೆ ಗುರುತಿಸಬೇಕು. ನೋಯುವ ಗಂಟುಗಳಿದ್ದರೆ, ಗುಳಿ ಬೀಳುತ್ತಿದ್ದರೆ ಹನ್ನೆರಡು ವಾರವೂ ಕಾಯಬೇಡಿ. ಹೆಣ್ಣುಮಕ್ಕಳಲ್ಲಿ ಮುಟ್ಟು ಏರುಪೇರಾಗಿ, ಗದ್ದದಲ್ಲಿ ಕೂದಲೂ ಮೊಡವೆಯೂ ಒಟ್ಟಿಗೆ ಹೆಚ್ಚಿದರೆ ಹಾರ್ಮೋನು ಪರೀಕ್ಷೆಯಾಗಬೇಕು. ಅಲ್ಲಿ ಕ್ರೀಮ್ ಒಂದರಿಂದ ಆಗುವಂಥದ್ದಲ್ಲ.

ಸೋತವನು:
ಶಿಲೀಂಧ್ರದ ಮಾತನ್ನು ಇದುವರೆಗೆ ಒಬ್ಬರೂ ಎತ್ತಿರಲಿಲ್ಲ. ಕೇಳುತ್ತೇನೆ.

ಮುಸ್ಸಂಜೆ:
ಒಂದು ವೇಳೆ ಪೂರ್ತಿ ಇಳಿದರೆ ನಿಲ್ಲಿಸಬಹುದೇ?

ಬಿಳಿಕೋಟು:
ತಕ್ಷಣ ಬೇಡ. ಕಾಣದ ಬಿರಡೆ ಮತ್ತೆ ಕಟ್ಟಲು ಶುರುವಾಗುತ್ತದೆ. ಇಳಿದ ಮೇಲೂ ವಾರಕ್ಕೆ ಕೆಲವು ರಾತ್ರಿ ಹಚ್ಚುವುದೇ ಕ್ರಮ. ಎಷ್ಟು ಕಾಲ ಎಂಬುದನ್ನು ನಿಮ್ಮ ವೈದ್ಯರು ಮೊಡವೆಯ ಸ್ವಭಾವ ನೋಡಿ ಹೇಳುತ್ತಾರೆ.

ಮೂರನೆಯಬೆಂಚು:
ನನ್ನ ಸಲಹೆಗೆ ಇಷ್ಟು ಏಟು ಬಿದ್ದ ಮೇಲೂ ಒಂದು ಪ್ರಶ್ನೆ ಕೇಳುತ್ತೇನೆ. ಗಡ್ಡ ಬೋಳಿಸಿದ ದಿನ ಹಚ್ಚಬಹುದೇ? ಕೆನ್ನೆಗೆ ಬೆಂಕಿ ಹಚ್ಚಿದಂತೆ ಉರಿಯುತ್ತದೆ.

ಔಷಧಿಪೆಟ್ಟಿಗೆ:
ಬೆಳಿಗ್ಗೆ ಬೋಳಿಸಿ, ರಾತ್ರಿ ಹಚ್ಚಿ. ಚರ್ಮ ಕೆಂಪಾಗಿದ್ದರೆ ಆ ರಾತ್ರಿ ಬಿಡಿ. ಆಲ್ಕೋಹಾಲ್ ಇರುವ ಆಫ್ಟರ್‌ಶೇವ್ ಬದಲು ಮಾಯಿಶ್ಚರೈಸರ್.

ಅರೆಬಿಸಿಲು:
ಹಾಗೆಯೇ ಮೇಲ್ದುಟಿಗೆ ವ್ಯಾಕ್ಸ್ ಮಾಡಿಸುವವರಿಗೆ?

ಔಷಧಿಪೆಟ್ಟಿಗೆ:
ರೆಟಿನಾಯ್ಡ್ ಹಚ್ಚುವ ಜಾಗಕ್ಕೆ ವ್ಯಾಕ್ಸ್ ಬೇಡವೇ ಬೇಡ, ಕೂದಲಿನ ಜೊತೆ ಚರ್ಮವೂ ಕಿತ್ತು ಬರುತ್ತದೆ. ಮಾಡಿಸಲೇಬೇಕಾದರೆ ಹಲವು ದಿನ ಮೊದಲೇ ಔಷಧಿ ನಿಲ್ಲಿಸಿರಬೇಕು, ವ್ಯಾಕ್ಸ್ ಮಾಡುವವರಿಗೂ ಮುಂಚಿತವಾಗಿ ಹೇಳಬೇಕು. ಮತ್ತೆ ಹಚ್ಚುವುದು ಕೆಂಪು ಪೂರ್ತಿ ಇಳಿದ ಮೇಲೆ.